ಚಿತ್ರದಲ್ಲಿ ಬಾರದ ಗೋಡೆ

ಪತ್ರಿಕೆಯಲ್ಲಿದ್ದಾಗ ನನಗೊಂದು ಅನುಕೂಲವಿತ್ತು. ‘ನಮ್ಮ ಸಂಘದ ಸುದ್ದಿ ಯಾಕ್ರೀ ಬರ್ಲಿಲ್ಲ?’ ಎಂದು ಯಾರಾದರೂ ಜಗಳಕ್ಕೆ ಬಂದರೆ, ‘ನಾನು ಬರ್ದಿದ್ದೆ ಸಾರ್, ಎಡಿಟರು ಕತ್ತರಿಸಿಬಿಟ್ರು’ ಎಂದು ಜಾರಿಕೊಳ್ಳಬಹುದಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಆ ಕೆಲಸ ಬಿಟ್ಟು ಚಿತ್ರ ನಿರ್ಮಾಪಕನಾದೆ. ನಿರ್ಮಾಪಕನಿಗೆ ಜಾರಿಕೊಳ್ಳಲು ಜಾಗವೇ ಇಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾದರೂ ಅವನೇ ಹೊಣೆ.

ಮೊದಲ ಚಿತ್ರಕ್ಕೆ ಒಂದು ಅಡುಗೆಮನೆ ಬೇಕಿತ್ತು. ಕಥೆಯೆಲ್ಲ ನಡೆಯುವುದೇ ಅಲ್ಲಿ. ಮಲ್ಲೇಶ್ವರ, ಚಾಮರಾಜಪೇಟೆಯೆಲ್ಲ ಅಲೆದು ಸಾಕಾಗಿ, ಕೊನೆಗೆ ಬಸವನಗುಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಸಿಕ್ಕಿತು. ಹೊಗೆ ಕುಡಿದು ಕಪ್ಪಾದ ಗೋಡೆ, ಒಗ್ಗರಣೆ ಸಿಡಿದ ಜಿಡ್ಡಿನ ಕಲೆ. ಕುಣಿದಾಡುವಷ್ಟು ಖುಷಿಯಾಯಿತು. ಮೇಷ್ಟ್ರ ಹೆಂಡತಿಯೂ ಸಂತೋಷದಿಂದ ಒಪ್ಪಿದರು.

ಅರ್ಧ ಶೂಟಿಂಗ್ ಮುಗಿಸಿ ಭಾನುವಾರ ಬಿಡುವು ಕೊಟ್ಟೆವು. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗೋಡೆ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು!

‘ಸಿನಿಮಾದಲ್ಲಿ ಬರೋ ಗೋಡೆ, ಹಾಗೇ ಇದ್ರೆ ನೋಡ್ದೋರು ಏನಂದ್ಕೋತಾರಪ್ಪಾ? ಅದಕ್ಕೇ ನಿಮ್ಗೆ ಹೇಳ್ದೇನೇ ಸುಣ್ಣ ಹೊಡೆಸ್ಬಿಟ್ಟೆ’ ಎಂದರು ಆಕೆ, ನನ್ನ ಹೊಗಳಿಕೆಗೆ ಕಾಯುತ್ತಾ.

ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ನಾಯಕಿ ಕಾಲೇಜಿನಲ್ಲಿ ಪಾಠ ಹೇಳುವವರು. ಅವರ ರಜೆ ಆ ವಾರಕ್ಕೇ ಮುಗಿಯುತ್ತಿತ್ತು. ಅಷ್ಟರೊಳಗೆ ಮುಗಿಸದಿದ್ದರೆ ಚಿತ್ರವೇ ಇಲ್ಲ. ಗೋಡೆಗೆ ಮತ್ತೆ ಮಸಿ ಹಚ್ಚೋಣವೆಂದು ಬಾಯಿ ತೆರೆದೆ.

‘ಅಡುಗೆಮನೆಗೆ ಮಸಿ ಹಚ್ತೀರಾ? ಹಬ್ಬ ಬೇರೆ ಹತ್ರ ಬಂತು!’ ಎಂದು ಆಕೆ ಕಣ್ಣು ತುಂಬಿಕೊಂಡರು.

ಸರಿ, ನನ್ನ ಹಣೆಬರಹ. ಸುಣ್ಣದ ಗೋಡೆ ಕಾಣದಂತೆ, ಉಳಿದದ್ದನ್ನೆಲ್ಲ ಹಿತ್ತಲ ಬಾಗಿಲಿನತ್ತ ಕ್ಯಾಮೆರಾ ತಿರುಗಿಸಿ ತೆಗೆದೆವು. ಅದನ್ನು ನೋಡಿ ನನ್ನ ಹಳೆಯ ಸಹೋದ್ಯೋಗಿಯೊಬ್ಬ ಆಮೇಲೆ, ನಾಯಕಿ ಹೊರಜಗತ್ತಿನತ್ತ ಮುಖ ಮಾಡಿದ್ದಾಳೆ ಎಂದು ಕಾಲಂ ತುಂಬ ಬರೆದ. ಬರೆದುಕೊಳ್ಳಲಿ.

ಮೊದಲ ಪ್ರದರ್ಶನಕ್ಕೆ ಮೇಷ್ಟ್ರ ಹೆಂಡತಿ ಬಂಧುಬಳಗವನ್ನೆಲ್ಲ ಕರೆತಂದಿದ್ದರು. ಮುಗಿದ ಮೇಲೆ ಬಾಗಿಲಲ್ಲೇ ನನ್ನನ್ನು ಹಿಡಿದರು.

‘ಅಲ್ಲಪ್ಪಾ, ಬರೀ ಕೊಳಕು ಗೋಡೆನೇ ಬಂತಲ್ಲಾ? ಸುಣ್ಣ ಹೊಡೆಸಿದ್ದು ಈಗ ಬರುತ್ತೆ, ಆಗ ಬರುತ್ತೆ ಅಂತ ಕೊನೇವರ್ಗೂ ಕಾದೆ. ಇವ್ರಿಗೆಲ್ಲ ಹೇಳಿ ಕರ್ಕೊಂಡ್ಬಂದಿದೀನಿ.’

ಅಷ್ಟು ದಿನ ಹೊತ್ತುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಆಕೆಯ ಮುಖ ನೋಡಿ ಸಂಕಟವಾಯಿತು. ಬಾಯಿಗೆ ಹಳೆಯ ಮಾತೇ ಬಂತು.

‘ತೆಗ್ದಿದ್ವಿ ಅಮ್ಮಾ. ತುಂಬಾ ಚೆನ್ನಾಗಿ ಬಂದಿತ್ತು. ಎಡಿಟರು ಕತ್ತರಿಸಿಬಿಟ್ರು.’

ಆಕೆ ನೆಂಟರತ್ತ ತಿರುಗಿ, ‘ಕೇಳಿಸ್ಕೊಂಡ್ರಾ? ತುಂಬಾ ಚೆನ್ನಾಗಿ ಬಂದಿತ್ತಂತೆ’ ಎಂದರು.