ಬಾನ್ ನಗರದ ಕುಂಡದಲ್ಲಿ ನಮ್ಮ ಕಗ್ಗ ಭತ್ತ

ಕೇಳಿ ಮಾರಾಯ್ರೆ, ಜರ್ಮನಿಯ ಬಾನ್ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿರುವ ತಂಗಿ ಇವತ್ತು ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತನ್ನ ಬೆಳೆ ತೋರಿಸಿದಳು. ಗಾಜಿನ ಮನೆಯೊಳಗಿನ ಕುಂಡದಲ್ಲಿ ತೆನೆ ಬಿಟ್ಟ ಕಗ್ಗ ಭತ್ತ! ಉಪ್ಪುನೀರಲ್ಲೂ ಬೆಳೆಯುವ, ನಮ್ಮ ಕುಮಟಾ ಕಡೆಯದೇ ತಳಿ. ಅವಳ ಓದಿಗೆಂದೇ ಅಪ್ಪ ನಮ್ಮ ಕಗ್ಗದ ಗದ್ದೆಯನ್ನು ಸಿಗಡಿ ಸಾಕುವವರಿಗೆ ಗೇಣಿಗೆ ಕೊಟ್ಟಿದ್ದರು. ಈಗ ಆ ಸಿಗಡಿ ಹೊಂಡವೂ ಪಾಳುಬಿದ್ದಿದೆ.

“ಅಲ್ಲಿ ಉಪ್ಪುನೀರಿಗೆ ಎಂತ ಮಾಡ್ತಿ ಮಗಾ?” ಎಂದು ಅಪ್ಪ ಕೇಳಿದರು.

“ನಲ್ಲಿ ನೀರಿಗೆ ಉಪ್ಪು ತೂಗಿ ಹಾಕ್ತೆ ಅಪ್ಪಾ.”

ಅಪ್ಪ ಪರದೆಯ ಮೇಲಿನ ತೆನೆಯನ್ನು ಬೆರಳಿಂದ ಸವರಲು ಹೋದರು. ಕಾಲ್ ಕಟ್ಟಾಯಿತು.

ಸಂಜೆ ನಮ್ಮ ಹೊಂಡಕ್ಕೆ ಉಬ್ಬರದ ನೀರು ನುಗ್ಗಿತ್ತು. ಅಷ್ಟೂ ಬಿಟ್ಟಿ ಉಪ್ಪು, ಮಾಡಲು ಕೆಲಸವಿಲ್ಲದೆ ಬಂದ ದಾರಿಯಲ್ಲೇ ವಾಪಸು ಹೋಯಿತು.