ಡಿ ಡ್ರೈವ್ ಇಲ್ಲದ ಕಂಪ್ಯೂಟರು

ನನಗೊಂದು ಚಟವಿದೆ. ಕುಡಿತ, ಇಸ್ಪೀಟಿನಂಥದ್ದಲ್ಲ, ಹಾಗಿದ್ದರೆ ಬಿಡಿಸಲು ಯಾರಾದರೂ ಮುಂದೆ ಬರುತ್ತಿದ್ದರು. ಯಾರ ಮನೆಗೆ ಹೋದರೂ ಅವರ ಹಳೆಯ ಕಂಪ್ಯೂಟರಿನ ಮೇಲೆ ನನ್ನ ಕಣ್ಣು ಬೀಳುತ್ತದೆ. ಇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡಲೇ ಎನ್ನುತ್ತೇನೆ. ಅದು ಪುಕ್ಕಟೆ, ಅದರ ಒಳಗುಟ್ಟೆಲ್ಲ ಬಯಲು, ಬೇಕಾದವರು ತಿದ್ದಿಕೊಳ್ಳಬಹುದು ಎಂದು ಅರ್ಧ ಗಂಟೆ ಮಾತಾಡುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವನಿಗೆ ಅರ್ಧ ಗಂಟೆ ಯಾವ ಲೆಕ್ಕ? ಮಾತು ನಿಂತರೆ ಸಾಕೆಂದು ಎದುರಿನವರು ಒಪ್ಪಿಕೊಳ್ಳುತ್ತಾರೆ.

ಹೀಗೆ ಆಂಧ್ರದ ಗಡಿಯೊಳಗಿನ ನಮ್ಮೂರು ರಾಯದುರ್ಗದಲ್ಲಿ ಐದು ಮಂದಿಯನ್ನೂ ಮಡಕಶಿರಾದಲ್ಲಿ ನನ್ನ ಹೆಂಡತಿಯ ತಮ್ಮನನ್ನೂ ಒಪ್ಪಿಸಿದ್ದೇನೆ. "ಭಾವ, ನೀನು ಹಾಕ್ಕೊಟ್ಟಿದ್ದು ಬಲು ಚೆನ್ನಾಗೈತೆ. ಪ್ರಿಂಟ್ ಒಂದು ಬರಾಕಿಲ್ಲ, ಅಷ್ಟೇಯ" ಎಂದು ಅವನು ಫೋನಿನಲ್ಲಿ ಹೇಳಿದಾಗ ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮದುವೆ ಕುದುರಿಸಿ, ಊಟ ಮುಗಿಸಿ, ಆಮೇಲೆ ಆ ಬೀದಿಯನ್ನೇ ತುಳಿಯದವರಿರುತ್ತಾರಲ್ಲ, ಅವರ ಪೈಕಿ ನಾನು.

ಐವರಲ್ಲಿ ಒಬ್ಬರು ಶಾಂತಮ್ಮ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹತ್ತು ವರ್ಷ ದುಡಿದು, ಊರಿಗೆ ಮರಳಿ, ಆರು ಮಿಷನ್ ಇಟ್ಟುಕೊಂಡು ಜೀನ್ಸ್ ಹೊಲಿಸುವವರು. ಯಾವ ವ್ಯಾಪಾರಿಗೆ ಸೊಂಟ ಎಷ್ಟು, ತೊಡೆ ಎಷ್ಟು, ಒಗೆದ ಮೇಲೆ ಬಟ್ಟೆ ಎಷ್ಟು ಕುಗ್ಗುತ್ತದೆ ಎಂಬ ಮೂರು ವರ್ಷದ ಅಳತೆಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ಅರ್ಧ ಇಂಚು ತಪ್ಪಿದರೆ ಇಡೀ ಮಾಲು ವಾಪಸು ಬರುವ ಕಸುಬು ಅದು.

ಒಂದು ದಿನ ಆ ಕಂಪ್ಯೂಟರು ಆನ್ ಆಗಲಿಲ್ಲ. ಶಾಂತಮ್ಮ ನನಗೆ ಫೋನು ಮಾಡಿದರು. ನಾನು ಉತ್ತರಪತ್ರಿಕೆ ತಿದ್ದಲು ಅನಂತಪುರಕ್ಕೆ ಹೋಗಿದ್ದೆ. ವಿರೂಪಾಕ್ಷಿಯವರ ಅಂಗಡಿಗೆ ಕೊಡಿ ಎಂದು ಹೇಳಿ ಕೈತೊಳೆದುಕೊಂಡೆ.

ವಿರೂಪಾಕ್ಷಿಯವರದು ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿ. ಒಳ್ಳೆಯ ಕೈ. ಆದರೆ ಸೂಜಿ ಚುಚ್ಚದ ಡಾಕ್ಟರನ್ನು ನಮ್ಮ ಕಡೆಯವರು ಹೇಗೆ ಡಾಕ್ಟರೆಂದು ಒಪ್ಪುವುದಿಲ್ಲವೋ, ಹಾಗೆ ಫಾರ್ಮ್ಯಾಟ್ ಮಾಡದ ರಿಪೇರಿಯನ್ನೂ ಒಪ್ಪುವುದಿಲ್ಲ. ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟರೇ ಅವರಿಗೆ ಸಮಾಧಾನ. ಹಾಗಾಗಿ ವಿರೂಪಾಕ್ಷಿ ಎಲ್ಲರನ್ನೂ ಮೊದಲೇ ಕೇಳಿಬಿಡುತ್ತಾರೆ: "ಡಿ ಡ್ರೈವ್‌ನಾಗ ಏನರ ಐತೇನ್ರಿ?" ಮದುವೆ ಫೋಟೋದಿಂದ ಹಿಡಿದು ಹೊಲದ ಪಾಸ್‌ಬುಕ್ಕಿನ ನಕಲಿನವರೆಗೆ ಊರಿನವರು ಎಲ್ಲವನ್ನೂ ಇಡುವುದು ಕಂಪ್ಯೂಟರಿನ ಡಿ ಎಂಬ ಆ ಭಾಗದಲ್ಲಿ. ಐತ್ರಿ ಎಂದರೆ ಅವರು ಅದನ್ನು ಮುಟ್ಟುವುದಿಲ್ಲ.

ಲಿನಕ್ಸಿನಲ್ಲಿ ಡಿ ಇಲ್ಲ, ಫೈಲುಗಳೆಲ್ಲ ಇರುವುದು ಬೇರೆ ಹೆಸರಿನ ಜಾಗದಲ್ಲಿ. ಇದನ್ನು ಶಾಂತಮ್ಮನವರಿಗೆ ಹೆಮ್ಮೆಯಿಂದ ಪಾಠ ಮಾಡಿದವನು ನಾನೇ. ಪಾಠವನ್ನು ನೆನಪಿಟ್ಟುಕೊಳ್ಳುವ ವಿದ್ಯಾರ್ಥಿ ನನಗೆ ಜೀವಮಾನದಲ್ಲಿ ಸಿಕ್ಕಿದ್ದು ಅದೊಂದೇ ಸಲ. "ಡಿಯಾಗ ಏನೂ ಇಲ್ರಿ" ಎಂದರು ಅವರು. ವಿರೂಪಾಕ್ಷಿ ಡಿಸ್ಕ್ ಬಿಚ್ಚಿ ತಮ್ಮ ಕಂಪ್ಯೂಟರಿಗೆ ತಗುಲಿಸಿದರು. ಅದಕ್ಕೆ ಲಿನಕ್ಸಿನ ಬರಹ ಓದಲು ಬರುವುದಿಲ್ಲ. ತನಗೆ ಓದಲು ಬಾರದ್ದನ್ನೆಲ್ಲ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದು ಅದರ ಸ್ವಭಾವ. ಅವರು ಹ್ಞೂಂ ಎಂದು ಒತ್ತಿದರು. ಮೂರು ವರ್ಷದ ಅಳತೆ ಮಾಯವಾಯಿತು.

ಸುದ್ದಿ ಕೇಳಿ ನಾನು ಊರಿಗೆ ಬಂದವನೇ ಅಂಗಡಿಗೆ ಜಗಳಕ್ಕೆ ಹೋದೆ. ವಿರೂಪಾಕ್ಷಿ ಸ್ಟೂಲು ಎಳೆದು ಕೂರಿಸಿದರು. "ಖಾಲಿ ಐತಿ ಅಂತ ಮಿಷನ್ನೂ ಅಂತು, ಅಮ್ಮಾರೂ ಅಂದ್ರು. ಊರಾಗ ಇಂಥದೊಂದು ಹಾಕ್ಕೊಂತ ಹೊಂಟೀನಿ ಅಂತ ನೀವು ನಂಗ ಯಾಕ ಹೇಳ್ಲಿಲ್ರಿ ಸರ?" ಎಂದರು. ನನಗೆ ನಿಜವಾಗಿ ನಾಚಿಕೆಯಾಯಿತು.

ನಮ್ಮ ಸೀಮೆಯ ಹಳೆಯ ದಾನಶಾಸನಗಳನ್ನು ಮಕ್ಕಳಿಗೆ ತೋರಿಸುವಾಗ ಕೊನೆಯ ಸಾಲುಗಳನ್ನು ನಾನು ಒತ್ತಿ ಒತ್ತಿ ವಿವರಿಸುವುದುಂಟು. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನ ಪುಣ್ಯ. ಕೆಡಿಸಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ. ಕೊಟ್ಟು ಅನಂತಪುರಕ್ಕೆ ಹೊರಟುಹೋದವನಿಗೆ ಯಾವ ಪಾಪ ಎಂದು ಮಾತ್ರ ಬರೆದಿಲ್ಲ. ಕಲ್ಲಿನಲ್ಲಿ ಜಾಗ ಸಾಲದೆ ಹೋಗಿರಬೇಕು.

ಪುಣ್ಯಕ್ಕೆ, ಫಾರ್ಮ್ಯಾಟ್ ಮಾಡಿದ್ದೆಲ್ಲ ಕೂಡಲೇ ಅಳಿದುಹೋಗುವುದಿಲ್ಲ. ಕೆಟ್ಟಿದ್ದ ಪವರ್ ಸಪ್ಲೈ ಬದಲಿಗೆ ಹೊಸದು ಬಳ್ಳಾರಿಯಿಂದ ಬರಬೇಕಿದ್ದುದರಿಂದ ಡಿಸ್ಕಿಗೆ ಇನ್ನೂ ಬೇರೇನನ್ನೂ ತುಂಬಿರಲಿಲ್ಲ. ಎರಡು ಭಾನುವಾರ ನಾನೂ ವಿರೂಪಾಕ್ಷಿಯೂ ಕೂತು ಕೆದಕಿದೆವು. ಫೈಲುಗಳು ಬಹುಪಾಲು ಸಿಕ್ಕವು, ಆದರೆ ಹೆಸರು ಕಳೆದುಕೊಂಡು, ಬರೀ ನಂಬರುಗಳಾಗಿ. ಯಾವುದು ಯಾರದೆಂದು ನಮಗಿಬ್ಬರಿಗೂ ತಿಳಿಯದು. ಶಾಂತಮ್ಮ ಪಕ್ಕದಲ್ಲಿ ಕೂತು ಒಂದೊಂದನ್ನೇ ತೆಗೆಸಿ ನೋಡಿದರು. "ಇದು ಬಳ್ಳಾರಿ ಸೇಠ್‌ದು, ತೊಡಿ ಬಿಗಿ ಕೇಳೋರು ಅವ್ರೇರಿ. ಇದು ಕಲ್ಯಾಣದುರ್ಗದವ್ರದು" ಎಂದು ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಸಿಗದೇ ಹೋದ ಏಳೆಂಟು ಅಳತೆಗಳನ್ನು ಬಾಯಲ್ಲೇ ಹೇಳಿ ಬರೆಸಿದರು.

ಆಮೇಲೆ ನಾನು ಅಂಗಡಿಗೆ ಲಿನಕ್ಸ್ ಕಲಿಸಲು ಹೊರಟೆ. ಕನ್ನಡ, ತೆಲುಗು ಎರಡರಲ್ಲೂ ನಾಲ್ಕು ಪುಟ ಬರೆದುಕೊಟ್ಟೆ. ವಿರೂಪಾಕ್ಷಿ ಅದನ್ನು ಭಕ್ತಿಯಿಂದ ದೇವರ ಫೋಟೋದ ಹಿಂದೆ ಇಟ್ಟು, ತಮ್ಮದೇ ಒಂದು ಸುಲಭ ಉಪಾಯ ಮಾಡಿಕೊಂಡರು. ಈಗ ಪರದೆಯ ಮೇಲೆ ಪರಿಚಯವಿಲ್ಲದ್ದೇನಾದರೂ ಕಂಡರೆ, "ಇದನ್ನ ಹಾಕಿದವ್ರು ಯಾರ್ರಿ? ಅವ್ರನ್ನ ಕರ್ಕೊಂಡು ಬರ್ರಿ" ಎನ್ನುತ್ತಾರೆ. ಹೀಗಾಗಿ ಭಾನುವಾರವೆಲ್ಲ ನಾನು ಆ ಸ್ಟೂಲಿನ ಮೇಲೆಯೇ. ಅಂಗಡಿಗೆ ಸಹಾಯ ಮಾಡುತ್ತಿದ್ದೇನೆಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ.

ಮೊನ್ನೆ ಶಾಂತಮ್ಮನವರ ಕಡೆ ಹೋದೆ. ಅಳತೆಗಳಿಗೆ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿ ಇಟ್ಟುಕೊಡುವ ವಿಚಾರ ನನ್ನದು. ನೋಡಿದರೆ ಕಟಿಂಗ್ ಟೇಬಲ್ಲಿನ ಮೇಲೆ ಇನ್ನೂರು ಪುಟದ ನೋಟ್ ಪುಸ್ತಕ. ಎಲ್ಲ ಅಳತೆಗಳೂ ದುಂಡಗಿನ ಕೈಬರಹದಲ್ಲಿ. ನನಗೆ ಸ್ವಲ್ಪ ನೋವಾಯಿತು. "ನಮ್ಮ ಮ್ಯಾಲೆ ನಂಬಿಕಿ ಹೋತೇನ್ರಮ್ಮ?" ಎಂದೆ.

"ಹಂಗಲ್ರಿ ಸರ. ಲಿನಕ್ಸ್ ನಿಮ್ದು, ರಿಪೇರಿ ಅವ್ರದು. ಅಳತಿ ನಂದಲ್ರಿ?"

ಪುಸ್ತಕದ ಮೂಲೆಗಳು ಆಗಲೇ ಮಡಚಿಕೊಳ್ಳುತ್ತಿದ್ದವು. ಒಂದು ರಟ್ಟು, ಸ್ವಲ್ಪ ಅಂಟು ಕೇಳಿ ಇಸಿದುಕೊಂಡು, ಅಲ್ಲೇ ಕೂತು ಅದಕ್ಕೆ ಬೈಂಡು ಹಾಕಿಕೊಟ್ಟು ಬಂದೆ.