ಒಲೆಯ ಮೇಲಿನ ಉಪ್ಪುಕಂಡ

ನಾನು ಚಿಕ್ಕವಳಿದ್ದಾಗ, ಮಾಗಡಿ ಕಡೆಯ ನಮ್ಮ ಮನೆಯಲ್ಲಿ, ಒಲೆಯ ಮೇಲೆ ಉಪ್ಪುಕಂಡದ ಒಂದು ದಾರ ತೂಗುತ್ತಿತ್ತು. ಅದನ್ನು ಪೋಣಿಸಿದ ಅವ್ವ ಮಾತ್ರ ಇರಲಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು, ಊರೆಲ್ಲ ಬಾಡಿನ ಘಮ. ಅಡುಗೆಗೆ ಹಾಕಿ ಮಿಕ್ಕ ಹಸಿ ಮಾಂಸವನ್ನು ಅವ್ವ ಉದ್ದುದ್ದಕ್ಕೆ ಸೀಳಿ, ಕಲ್ಲುಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ ಸವರಿ, ಹಿತ್ತಿಲ ಬಂಡೆಯ ಮೇಲೆ ಹರಡುತ್ತಿದ್ದಳು. ಬಂಡೆ ಕಾದ ಹೆಂಚಿನಂತೆ ಸುಡುತ್ತಿತ್ತು. ಕೋಲು ಹಿಡಿದು ಕಾಗೆ ಓಡಿಸುವುದು ನನ್ನ ಕೆಲಸ. ತುಂಡುಗಳು ಒಣಗಿ ಗಟ್ಟಿಯಾದ ಮೇಲೆ ಅವ್ವ ದಬ್ಬಳದಲ್ಲಿ ದಾರಕ್ಕೆ ಪೋಣಿಸಿ ಒಲೆಯ ಹೊಗೆಗೆ ಕಟ್ಟುತ್ತಿದ್ದಳು. ಮಳೆಗಾಲದಲ್ಲಿ ಅದನ್ನು ಕೆಂಡದಲ್ಲಿ ಸುಟ್ಟು, ಜಜ್ಜಿ ಸಾರಿಗೆ ಹಾಕಿದರೆ ಮುದ್ದೆ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅವ್ವ ಜ್ವರ ಬಂದು ತೀರಿಕೊಂಡಳು. ಅವಳ ಸೀರೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟುಬಿಟ್ಟರು. ಅವಳ ಕೈಯದು ಅಂತ ಉಳಿದದ್ದು ಆ ದಾರ ಒಂದೇ.

"ಯಾರೂ ಮುಟ್ಬ್ಯಾಡಿ," ಎಂದಳು ಅಪ್ಪನ ತಾಯಿ, ನಮ್ಮಜ್ಜಿ. "ಮಾರ್ನಮಿಗೆ ಅವಳ್ಗೇ ಎಡೆ ಇಕ್ಕನ. ಉಪ್ಪುಕಂಡ ಅಂದ್ರೆ ಪ್ರಾಣ ಬುಡೋಳು."

ಮಾರ್ನಮಿ ನಮ್ಮಲ್ಲಿ ತೀರಿಕೊಂಡವರ ಹಬ್ಬ. ಅವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಆಗ ಅವರು ಬಂದು ಉಣ್ಣುತ್ತಾರೆ. ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮಬೇಕು. ಉಣ್ಣುತ್ತಾ ಕೂತವರು ಬೆಚ್ಚಿಬೀಳಬಾರದಲ್ಲ!

ಹಬ್ಬ ಇನ್ನೂ ದೂರವಿರುವಾಗಲೇ ದಾರ ಬರಿದಾಗತೊಡಗಿತು. ಬೆಕ್ಕಿನ ಕೆಲಸವಾಗಿದ್ದರೆ ದಾರ ಹರಿದಿರಬೇಕಿತ್ತು. ಇಲ್ಲಿ ಯಾರೋ ಗಂಟು ಬಿಚ್ಚಿ, ಒಂದೊಂದೇ ತುಂಡು ತೆಗೆದು, ಮತ್ತೆ ಜೋಪಾನವಾಗಿ ಕಟ್ಟಿರುತ್ತಿದ್ದರು.

ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅವ್ವ ಬತ್ತಾವ್ಳೆ ಕಣೆ. ಹಸ್ಕಂಡು ಬತ್ತಾವ್ಳೆ."

ಅವತ್ತಿನಿಂದ ಅಡುಗೆಮನೆಯ ಕತ್ತಲಿಗೆ ಕಾಲಿಡಲು ನನಗೆ ಭಯವಾಗುತ್ತಿತ್ತು. ಹೊಗೆಯ ವಾಸನೆ ಬಂದರೆ ಸಾಕು, ಅವ್ವ ಬೆನ್ನ ಹಿಂದೆಯೇ ನಿಂತಂತೆ. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಉಪ್ಪುಕಂಡಕ್ಕೆ ಬರುವವಳು ನನ್ನನ್ನು ಮಾತಾಡಿಸಲು ಯಾಕೆ ಬರುವುದಿಲ್ಲ?

ಕೇಳಿಯೇಬಿಡೋಣ ಎಂದು ಒಂದು ಮಧ್ಯಾಹ್ನ ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ಅಡಗಿ ಕೂತೆ. ಬಾಗಿಲು ಕಿರ್ರೆಂದಿತು. ಬಂದದ್ದು ಅಪ್ಪ. ಹೊಲದ ಮಣ್ಣು ಕಾಲಲ್ಲೇ ಇತ್ತು. ದಾರ ಇಳಿಸಿ, ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಅಗಿಯತೊಡಗಿದ. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಅವ್ವ ಹೋದ ದಿನವೂ ಅಪ್ಪ ಅತ್ತದ್ದನ್ನು ನಾನು ನೋಡಿರಲಿಲ್ಲ.

ನಾನು ಎದ್ದು ನಿಂತೆ. ಅಪ್ಪ ಬೈಯಲಿಲ್ಲ. ಆ ತುಂಡಿನಲ್ಲೇ ಒಂಚೂರು ಮುರಿದು ನನ್ನ ಬಾಯಿಗಿಟ್ಟ.

"ನಿಮ್ಮವ್ವನ ಕೈ ಉಪ್ಪು ಕಣ್ ಮಗ. ಇದ್ ಮುಗುದ್ರೆ ಇನ್ನೆಲ್ ಸಿಕ್ಕಾತು?"

"ಅವ್ವನ ಎಡೆಗೆ ಬ್ಯಾಡ್ವಾ ಅಪ್ಪ?"

ಅಪ್ಪ ದಾರ ನೋಡಿದ. ಅದರಲ್ಲಿ ಒಂದೇ ತುಂಡು ಉಳಿದಿತ್ತು. "ಇನ್ ಮುಟ್ಟಾಕಿಲ್ಲ ಮಗ," ಎಂದವನು ಹಬ್ಬದವರೆಗೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಊಟವೂ ಜಗಲಿಯಲ್ಲೇ.

ಮಾರ್ನಮಿಯ ದಿನ ಅಕ್ಕ ಆ ತುಂಡನ್ನು ಹುರಿದು, ಮುದ್ದೆ ಸಾರಿನ ಪಕ್ಕ ಎಲೆಯ ತುದಿಗಿಟ್ಟಳು. ಅಜ್ಜಿ ಧೂಪ ಹಾಕಿ ಬಾಗಿಲೆಳೆದಳು. ಎಲ್ಲರೂ ಜಗಲಿಯಲ್ಲಿ ಕೂತೆವು. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಒಳಗೆ ಲೋಟ ಅಲುಗಿದಂತೆ ಸಣ್ಣ ಸದ್ದಾಯಿತು. ಅಪ್ಪನ ಹಿಡಿತ ಬಿಗಿಯಾಯಿತು.

ಅಜ್ಜಿ ಕೆಮ್ಮಿ ಬಾಗಿಲು ತೆಗೆದಳು. ಮುದ್ದೆ ಇಟ್ಟ ಹಾಗೇ ಇತ್ತು. ಉಪ್ಪುಕಂಡ ಇರಲಿಲ್ಲ. ದಾರ ಬರಿದು ಮಾಡಿದವನು ಯಾರೆಂದು ಅಷ್ಟು ಹೊತ್ತಿಗೆ ಗೊತ್ತಾಗಿದ್ದ ಅಕ್ಕ, ಅಜ್ಜಿ ಇಬ್ಬರೂ ತಿರುಗಿ ಅಪ್ಪನನ್ನೇ ನೋಡಿದರು. ಅಪ್ಪನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು.

"ಬಂದಿದ್ಲು," ಎಂದಳು ಅಜ್ಜಿ. ಅಪ್ಪ ಅಲ್ಲೇ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಗಟ್ಟಿಯಾಗಿ ಅತ್ತ.

ಬೆಕ್ಕಿರಬೇಕು ಅಂತೀರಿ, ಗೊತ್ತು ಬಿಡಿ. ನೀವು ಟ್ಯೂಬ್‌ಲೈಟ್ ಕೆಳಗೆ ಹುಟ್ಟಿದ ಮೊಮ್ಮಕ್ಕಳು. ನಿಮಗೆ ಮಾಂಸ ಫೋನಿನಲ್ಲಿ ಆರ್ಡರ್ ಮಾಡಿದರೆ ಬರುತ್ತದೆ, ಯಾರ ಕೈ ಉಪ್ಪು ಎಂದು ಕೇಳುವ ಹಾಗಿಲ್ಲ. ನಾನು ಟೆರೇಸಿನಲ್ಲಿ ಒಣಗಿಸುವ ಉಪ್ಪುಕಂಡಕ್ಕೆ ಮೂಗು ಮುಚ್ಚಿಕೊಳ್ಳುತ್ತೀರಿ, ಸಾರಾದ ಮೇಲೆ ತಟ್ಟೆ ನೆಕ್ಕುತ್ತೀರಿ. ಈಗ ಹೊಗೆಯ ಒಲೆ ಇಲ್ಲವಲ್ಲ, ಅದಕ್ಕೇ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ.

ಫ್ರಿಜ್ಜು ತೆಗೆಯುವ ಮುಂಚೆ ನಿಮ್ಮಜ್ಜಿ ನಾನು ಯಾಕೆ ಪ್ರತಿ ಸಲ ಕೆಮ್ಮುತ್ತೇನೆ ಎಂದು ಕೇಳಿ ನಗುತ್ತಿದ್ದಿರಲ್ಲ, ಇದಕ್ಕೇ.